ಎಲ್ಲ ಬೇಕೆಂದ ಮಹಾರಾಜನಿಗೆ

ಉಗ್ರಾಣದ ಮೇಲಿನ ಕೋಣೆ,
ಶುಕ್ರವಾರ ಬೆಳಿಗ್ಗೆ

ಒಂದೇ ಪರದೆಯ ಹಿಂದೆ ನನ್ನ ಜೊತೆ ಬೆಳೆದ ತಮ್ಮ ಮಹಾರಾಜನಿಗೆ, ಬುದ್ಧಿ ನೆಟ್ಟಗಿರುವ ಅಕ್ಕ ಮಾಡುವ ಆಶೀರ್ವಾದಗಳು.

ನಿನ್ನ ವಕೀಲರ ಕಡೆಯವನು ನಿನ್ನೆ ರಾಜಿಪತ್ರ ಹಿಡಿದು ಬಂದಿದ್ದ. ಉಗ್ರಾಣದಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ, ಕೈ ಮುರಿದ ಆ ಹಳೆಯ ಸಿಂಹಾಸನ. ಪಾಪ, ಅದರ ಅಂಚಿನಲ್ಲಿ ಕೂತು, ಇಷ್ಟು ಹಣ ಕೊಡುತ್ತಾರೆ, ದಾವೆ ವಾಪಸ್ ತೆಗೆದುಕೊಳ್ಳಿ, ನೀವು ಒಡಹುಟ್ಟಿದವರಲ್ಲವೇ ಎಂದು ಗಿಣಿಪಾಠ ಒಪ್ಪಿಸಿದ. ಒಡಹುಟ್ಟಿದವರು ಎನ್ನುವಾಗ ಅವನ ದನಿ ನಡುಗಲಿಲ್ಲ. ನೀನೇ ಹೇಳಿಕೊಟ್ಟಿದ್ದರೆ ಅಲ್ಲಿ ಸ್ವಲ್ಪ ನಡುಗಿಸಿರುತ್ತಿದ್ದೆ. ಚಹಾ ಕುಡಿಸಿ ಕಳಿಸಿದೆ. ಉತ್ತರವನ್ನು ನಾನೇ ಬರೆಯುತ್ತೇನೆ ಎಂದೆ. ಇದೇ ಆ ಉತ್ತರ.

ಬರೆಯಬೇಡಿ ಎಂದು ನನ್ನ ವಕೀಲೆ ತಲೆ ಚಚ್ಚಿಕೊಂಡಳು. ಮೊದಲ ವಿಚಾರಣೆಯ ದಿನ ನೀನು ಎಲ್ಲರೆದುರು "ಈ ಗುಬ್ಬಿನಾ ನಿನ್ನ ಸೇನಾಪತಿ?" ಎಂದು ನಕ್ಕೆಯಲ್ಲ, ಅವಳೇ. ಅಂದಿನಿಂದ ನಾನೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತೇನೆ. ಅವಳಿಗೂ ಹಿಡಿಸಿದೆ. "ಮೇಡಂ, ನಿಮ್ಮ ತಮ್ಮ ಕೊಟ್ಟಿದ್ದರಲ್ಲಿ ಬಿಟ್ಟಿ ಬಂದದ್ದು ಇದೊಂದೇ" ಎನ್ನುತ್ತಾಳೆ.

ಈಗ ಕೂತುಕೋ. ನಾನು ಹೇಳಹೊರಟಿರುವುದು ನಿನಗೆ ಗೊತ್ತಿರುವ ಕಥೆಯೇ. ಆದರೆ ನೀನು ಹುಡುಗನಾಗಿದ್ದಾಗಿನಿಂದಲೂ ನಿನ್ನ ದೃಶ್ಯ ಮುಗಿದ ಕೂಡಲೇ ಒಳಗೆ ಹೋಗಿ ಕಾಲು ಚಾಚುವವನು. ಬೇರೆಯವರ ದೃಶ್ಯ ನೋಡಿದವನೇ ಅಲ್ಲ. ಇದು ನನ್ನ ದೃಶ್ಯ. ನೀನು ಈ ಸಲ ಪ್ರೇಕ್ಷಕ.

ಅಪ್ಪ ನಾಟಕ ಕಂಪನಿ ಮುಚ್ಚಿದಾಗ ನಮಗೆ ಉಳಿದದ್ದು ಪರದೆ, ದೀಪ, ಉಡುಪು, ತಗಡಿನ ಕತ್ತಿ, ರಟ್ಟಿನ ಕಿರೀಟ. ಅವನ್ನೇ ಬಾಡಿಗೆಗೆ ಕೊಡುತ್ತ ನಾವಿಬ್ಬರೂ ಒಂದು ವ್ಯಾಪಾರ ಕಟ್ಟಿದೆವು. ಉಗ್ರಾಣ ನನ್ನದು, ಗಿರಾಕಿಗಳ ಜೊತೆ ಮಾತು ನಿನ್ನದು. ಮಾತು ನಿನಗೆ ಒಲಿದ ವಿದ್ಯೆ, ಒಪ್ಪುತ್ತೇನೆ. ಆಮೇಲೆ ಒಂದು ವರ್ಷ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಹೋದರು. ಶಾಲೆಗಳು ಹೋದವು, ಹವ್ಯಾಸಿ ತಂಡಗಳು ಹೋದವು, ಮೂವತ್ತು ವರ್ಷದಿಂದ ನಮ್ಮ ಕಿರೀಟವೇ ಬೇಕೆನ್ನುತ್ತಿದ್ದ ಹಳೆಯ ನಟಿಯೂ ಫೋನು ಎತ್ತಲಿಲ್ಲ. ಎದುರು ಸಿಕ್ಕವರು ನನ್ನ ಕೈ ಹಿಡಿದು "ಆರೋಗ್ಯ ನೋಡ್ಕೊಳ್ಳಿ" ಎನ್ನುತ್ತಿದ್ದರು. ಆರೋಗ್ಯಕ್ಕೇನಾಗಿದೆ ಎಂದು ನನಗೆ ತಿಳಿಯಲಿಲ್ಲ. ಕನ್ನಡಿ ನೋಡಿಕೊಂಡೆ, ಬಣ್ಣ ಕಪ್ಪಾಗಿದೆಯೇನೋ ಎಂದುಕೊಂಡೆ.

ಒಂದು ಕಾಲೇಜಿನ ನಾಟಕಕ್ಕೆ ಹೋದಾಗ ಎದುರಿಗೆ ನಮ್ಮ ಕಾಡಿನ ಪರದೆ ತೂಗುತ್ತಿತ್ತು. ಎಡಗಡೆಯ ಮರದ ಬುಡದಲ್ಲಿ ನಾನೇ ಹಾಕಿದ ಹೊಲಿಗೆ. ಎಲ್ಲಿಂದ ತಂದಿರಿ ಎಂದು ಕೇಳಿದರೆ ನಾನೆಂದೂ ಕೇಳದ ಒಂದು ಸಂಸ್ಥೆಯ ಹೆಸರು ಹೇಳಿದರು. ಸಂಸ್ಥೆ ನಿನ್ನ ಭಾವಮೈದುನನ ಹೆಸರಿನಲ್ಲಿ, ಬಂಡವಾಳ ನಿನ್ನದು, ಪರದೆ ಅಪ್ಪನದು. ನನ್ನ ಬೆನ್ನ ಹಿಂದೆಯೇ ಇನ್ನೊಂದು ರಂಗ ಕಟ್ಟಿ, ನಮ್ಮ ಪ್ರೇಕ್ಷಕರನ್ನೆಲ್ಲ ಅಲ್ಲಿಗೆ ಸಾಗಿಸಿದ್ದೆ. ನಾನು ದಾವೆ ಹೂಡಿದೆ.

ಅಲ್ಲಿಂದ ನಿನ್ನ ಪ್ರವೇಶ. ಕಪ್ಪು ಕೋಟಿನ ದೊಡ್ಡ ವಕೀಲರನ್ನು ಮುಂದಿಟ್ಟುಕೊಂಡು ನೀನು ಕೇಳಿದ್ದೇನು? ನಮ್ಮ ಸಂಸ್ಥೆ ಹುಟ್ಟಿದಂದಿನಿಂದ ಪ್ರತಿಯೊಬ್ಬ ಕೆಲಸಗಾರನ ಪ್ರತಿಯೊಂದು ಇ-ಮೇಲ್. ಎಲ್ಲರ ಮೊಬೈಲಿನ ಎಲ್ಲ ಮೆಸೇಜು. ಕೆಟ್ಟು ಮೂಲೆಗೆ ಬಿದ್ದ ಕಂಪ್ಯೂಟರುಗಳು. ಬ್ಯಾಕಪ್ಪುಗಳು, ಉಡುಪುಗಳ ಫೋಟೋಗಳು, ಗೇಟಿನ ಕ್ಯಾಮೆರಾದಲ್ಲಿ ಉಳಿದದ್ದೆಲ್ಲ. "ನಮಗೆ ಎಲ್ಲ ಬೇಕು" ಎಂದೆ. ಅದರಲ್ಲಿ ನಿನಗೆ ಬೇಕಾದದ್ದು ಒಂದೂ ಇರಲಿಲ್ಲ. ನಿನಗೆ ಬೇಕಿದ್ದದ್ದು ಅದನ್ನು ಹುಡುಕಿ, ಓದಿ, ಒಪ್ಪಿಸುವುದರಲ್ಲಿ ನನ್ನ ಬೆನ್ನು ಮುರಿಯುವುದು.

ಅದು ನನಗೆ ಅರ್ಥವಾದದ್ದು ದಾಖಲೆ ಶೋಧಿಸುವ ಕಂಪನಿಯ ಮನುಷ್ಯ ಬಂದ ದಿನ. ಎರಡು ಫೋನು ಇಟ್ಟುಕೊಂಡಿದ್ದ, ಒಂದರಲ್ಲಿ ಮಾತಾಡುತ್ತ ಇನ್ನೊಂದರಲ್ಲಿ ಲೆಕ್ಕ ಹಾಕಿದ. ಅವನು ಹೇಳಿದ ಮೊತ್ತಕ್ಕೆ ಈ ಉಗ್ರಾಣವನ್ನು ಪರದೆ, ದೀಪ, ಹೆಂಚು ಸಮೇತ ಮಾರಿದರೂ ಸಾಲದಾಗಿತ್ತು. ಅವನು ಹೋದ ಮೇಲೆ ಕಿರೀಟಗಳ ಕಪಾಟಿನ ಮುಂದೆ ಕೂತೆ. ದಾವೆ ಬಿಟ್ಟುಬಿಡುತ್ತೇನೆ ಎಂದು ಗುಬ್ಬಿಗೆ ಫೋನು ಮಾಡಿದೆ. ಅಂದರೆ, ಮಹಾರಾಜ, ನೀನು ಗೆದ್ದಿದ್ದೆ. ಒಂದು ಮಧ್ಯಾಹ್ನದ ಮಟ್ಟಿಗೆ ನೀನು ಪೂರ್ತಿ ಗೆದ್ದಿದ್ದೆ. ಆ ಸುಖ ನಿನಗೆ ಈಗಲಾದರೂ ಸಿಗಲಿ ಎಂದು ಹೇಳಿದೆ.

ಗುಬ್ಬಿ ಆಟೋ ಹಿಡಿದು ಬಂದಳು. "ಮೇಡಂ, ಅಳೋದು ಆಮೇಲೆ. ಇಷ್ಟು ದೊಡ್ಡ ಮೊತ್ತ ಆಗ್ತಿರೋದು ಯಾವುದರಿಂದ, ಅದನ್ನ ಮೊದಲು ನೋಡಿ" ಎಂದಳು. ಕಾಗದ ಬಿಡಿಸಿ ತೋರಿಸಿದಳು. ಮಾಹಿತಿ ಎತ್ತಿಕೊಳ್ಳುವ ಖರ್ಚು ಸಣ್ಣದು. ಕೂಡಿಡುವ ಖರ್ಚೂ ಅಂಥದ್ದೇನಲ್ಲ. ನುಂಗುವುದು ಓದುವ ಖರ್ಚು. ಪ್ರತಿಯೊಂದನ್ನೂ ಗಂಟೆ ಲೆಕ್ಕದಲ್ಲಿ ಹಣ ಪಡೆಯುವ ವಕೀಲರೊಬ್ಬರು ಓದಿ, ಇದು ಕೊಡಬೇಕಾದದ್ದು, ಇದು ಬೇಡವಾದದ್ದು, ಇದು ವಕೀಲರ ಜೊತೆಗಿನ ಗುಟ್ಟಿನ ಮಾತು ಎಂದು ಬೇರೆ ಮಾಡಬೇಕು. "ಓದೋ ರಾಶಿ ಸಣ್ಣದಾದ್ರೆ ಖರ್ಚು ತಾನಾಗಿ ಇಳಿಯುತ್ತೆ. ಆದ್ರೆ ಒಂದು ಅಕ್ಷರನೂ ಅಳಿಸಬೇಡಿ. ಅಳಿಸಿದ್ರೆ ನಾವೇ ಕಳ್ಳರಾಗ್ತೀವಿ" ಎಂದಳು.

ರಾಶಿ ಸಣ್ಣದು ಮಾಡುವುದು ಎಂದ ಕೂಡಲೇ, ತಮ್ಮ, ಅಪ್ಪ ಬಂದು ಕೋಣೆಯಲ್ಲಿ ನಿಂತ ಹಾಗಾಯಿತು.

ನೆನಪಿದೆಯೇ? ಇಡೀ ರಾತ್ರಿಯ ನಾಟಕವನ್ನು ಎರಡು ತಾಸಿಗೆ ಇಳಿಸಿ ಎಂದು ಸಭಾಂಗಣದವರು ತಾಕೀತು ಮಾಡಿದಾಗ ಅಪ್ಪ ಏನು ಮಾಡುತ್ತಿದ್ದರು? ಎಲ್ಲರನ್ನೂ ಸುತ್ತ ಕೂರಿಸಿ ಒಂದೊಂದು ದೃಶ್ಯಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇದನ್ನ ತೆಗೆದ್ರೆ ಕೊನೇ ದೃಶ್ಯ ನಿಲ್ಲುತ್ತಾ, ಬೀಳುತ್ತಾ?" ನಿಂತರೆ ಆ ದೃಶ್ಯಕ್ಕೆ ಕತ್ತರಿ. ಎಷ್ಟು ಚಪ್ಪಾಳೆ ಬೀಳುವ ದೃಶ್ಯವಾದರೂ ಅಷ್ಟೇ. ಎಲ್ಲರೂ ಒಪ್ಪುತ್ತಿದ್ದರು, ನೀನೊಬ್ಬನ ಹೊರತು. ದಾನಿ ದೊರೆಯ ನಾಟಕದಲ್ಲಿ ನಿನ್ನ ಆ ಉದ್ದದ ಸ್ವಗತಕ್ಕೆ ಅಪ್ಪ ಕತ್ತರಿ ಹಾಕಿದಾಗ ನೀನು ಊಟ ಬಿಟ್ಟು ಕೂತೆ. ಅಮ್ಮ ನಡುವೆ ಬಂದು ಅರ್ಧ ಉಳಿಸಿಕೊಟ್ಟಳು. ನೀನು ಕತ್ತರಿಸಿಕೊಳ್ಳದೆಯೇ ಬೆಳೆದ ಮಗ.

ನಾವು ಆ ಪ್ರಶ್ನೆಯನ್ನೇ ಹಿಡಿದು ಕೂತೆವು. ಈ ದಾವೆಯ ಕೊನೆಯ ದೃಶ್ಯ ಏನು? ಗಿರಾಕಿಗಳು ಹೇಗೆ ಹೋದರು, ಯಾರು ಕರೆದೊಯ್ದರು ಎಂಬುದು. ಹಾಗಾದರೆ ಇಸ್ತ್ರಿ ಮಾಡುವವನ ಇ-ಮೇಲ್ ಯಾಕೆ? ಗಿರಾಕಿಗಳ ಜೊತೆ ಮಾತಾಡುತ್ತಿದ್ದದ್ದು ನಾನು, ಉಗ್ರಾಣದ ಮೇಸ್ತ್ರಿ, ಬುಕಿಂಗ್ ಬರೆಯುವ ಹುಡುಗಿ. ಮೂವರು ಸಾಕು. ಸಂಸ್ಥೆ ಹುಟ್ಟಿದಂದಿನಿಂದ ಯಾಕೆ? ಮೊದಲ ಗಿರಾಕಿ ಹೋದ ತಿಂಗಳಿಂದ ದಾವೆ ಹೂಡಿದ ದಿನದವರೆಗೆ ಸಾಕು. ಒಂದೇ ಇ-ಮೇಲ್ ಎಲ್ಲರ ಪೆಟ್ಟಿಗೆಯಲ್ಲೂ ಕೂತಿತ್ತು. ಒಂದು ಪ್ರತಿ ಓದಿದರೆ ಸಾಕು, ಉಳಿದ ನಕಲುಗಳನ್ನು ಶೋಧದ ಕಂಪನಿಯ ಯಂತ್ರವೇ ಬದಿಗಿಟ್ಟಿತು. ಹೋದ ಗಿರಾಕಿಗಳ ಹೆಸರು, ನಿನ್ನ ಹೊಸ ಸಂಸ್ಥೆಯ ಹೆಸರು ಕೊಟ್ಟು ಹುಡುಕಿಸಿದೆವು. ಹುಡುಕಿಸುವ ಮೊದಲು ಒಂದು ಹಿಡಿಯಷ್ಟರ ಮೇಲೆ ಪ್ರಯೋಗ ನೋಡಿದೆವು. "ಕಾಡು" ಎಂದು ಕೊಟ್ಟರೆ ಯಾವ ಪರದೆಯೂ ಸಿಗದೆ ಸೊಳ್ಳೆಬತ್ತಿಯ ಜಾಹೀರಾತುಗಳು ಬಂದವು, ಆ ಪದ ಬಿಟ್ಟೆವು. ಆಮೇಲೆ ಗುಬ್ಬಿ ಕೆಲವನ್ನು ತಾನೇ ಓದಿ ಇದು ಬೇಕು, ಇದು ಬೇಡ ಎಂದು ಯಂತ್ರಕ್ಕೆ ತೋರಿಸಿದಳು. ಅದು ಉಳಿದದ್ದನ್ನು ಬೇಕಾಗುವ ಹಾಗಿರುವುದು ಮೇಲೆ, ಬೇಡವಾದದ್ದು ಕೆಳಗೆ ಎಂದು ಜೋಡಿಸಿತು. ಕೆಳಗಿನದರಿಂದಲೂ ಕಣ್ಣುಮುಚ್ಚಿ ಒಂದಿಷ್ಟು ತೆಗೆದು ನೋಡಿದೆವು, ಯಂತ್ರ ನಮಗೇ ಟೋಪಿ ಹಾಕಿದೆಯೇ ಎಂದು. ಹಾಕಿರಲಿಲ್ಲ. ಎರಡು ಫೋನಿನ ಮನುಷ್ಯ ಮತ್ತೆ ಲೆಕ್ಕ ಹಾಕಿದ. ಮುಖ ಸಣ್ಣದು ಮಾಡಿಕೊಂಡು ಹೇಳಿದ ಮೊತ್ತವನ್ನು ನಾನು ಹಳೆಯ ಎರಡು ದೀಪಸ್ತಂಭ ಮಾರಿ ಕೊಟ್ಟೆ.

ಇಷ್ಟನ್ನೇ ಕೊಡುತ್ತೇವೆ, ಇದಕ್ಕಿಂತ ಹೆಚ್ಚು ಬೇಕೆಂದರೆ ಅದರ ಖರ್ಚು ಕೇಳಿದವರದ್ದು ಎಂದು ನ್ಯಾಯಾಧೀಶೆಯ ಮುಂದೆ ಅರ್ಜಿ ಇಟ್ಟೆವು. ಆ ದಿನ ನಿನಗೆ ಮರೆತಿರಲಾರದು. ಕಿರಿದಾದ ಕೋಣೆ, ತಿರುಗದ ಫ್ಯಾನು, ನ್ಯಾಯಾಧೀಶೆಯ ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು. ನೀನು ಹೊಸ ಶಾಲು ಹೊದ್ದು, ಅಮ್ಮನ ತೋಳು ಹಿಡಿದು ನಡೆಸಿಕೊಂಡು ಬಂದೆ. ತಾಯಿ ನನ್ನ ಕಡೆ ಎಂದು ಕೋಣೆಗೆಲ್ಲ ತೋರಿಸುವ ಆ ನಡಿಗೆ ಚೆನ್ನಾಗಿತ್ತು, ಹೊಗಳಲೇಬೇಕು. ಅಮ್ಮ ನಿನ್ನ ಮನೆಯಲ್ಲಿದ್ದಾಳೆ, ನಿನ್ನ ಅನ್ನ ತಿನ್ನುತ್ತಾಳೆ, ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸತೊಡಗಿದಳು.

ನಿನ್ನ ಕೋಟಿನವರು ಬಹಳ ಹೊತ್ತು ಮಾತಾಡಿದರು. ಎಲ್ಲ ಬೇಕು, ಎಲ್ಲವೂ ಮುಖ್ಯ ಎಂದರು. ನ್ಯಾಯಾಧೀಶೆ ನೀರು ಕುಡಿದು, "ಎಲ್ಲ ಕೇಳ್ತಿದ್ದೀರಿ, ಸರಿ. ಇದನ್ನೆಲ್ಲ ಹೊರೋರು ಯಾರು?" ಎಂದು ಕೇಳಿದರು. ಕೋಟಿನವರು "ರೂಢಿ ಪ್ರಕಾರ ಕೊಡೋ ಪಕ್ಷವೇ..." ಎಂದು ಶುರು ಮಾಡಿದರು. ಹಿಂದೆ ಅಮ್ಮನಿಗೆ ಕೆಮ್ಮು ಬಂತು. ನೀನು ನೀರು ತರಲು ಡ್ರೈವರನಿಗೆ ಸನ್ನೆ ಮಾಡಿದೆ. ಆಗ ನನ್ನ ಬಾಯಿಂದ ಅದು ಹೇಗೆ ಹೊರಟಿತೋ, "ಅವನನ್ನ ಕೇಳಿ ಏನು ಪ್ರಯೋಜನ ಮೇಡಂ, ಬೀಗದ ಕೈ ಬೇರೆಯವರ ಸೊಂಟದಲ್ಲಿದೆಯಂತೆ" ಎಂದುಬಿಟ್ಟೆ.

ದಾನಿ ದೊರೆಯ ನಾಟಕ. ಮೂರನೆಯ ಅಂಕ. ದೊರೆಯ ಬೊಕ್ಕಸ ಅವನ ಕೈಯಲ್ಲೇ ಇಲ್ಲ ಎಂದು ಶತ್ರುವಿನ ದೂತ ಅಣಕಿಸುವ ಮಾತು ಅದು, ಎಷ್ಟು ರಾತ್ರಿ ನಾನು ಮೀಸೆ ಅಂಟಿಸಿಕೊಂಡು ಅದನ್ನು ನಿನ್ನ ಮುಖಕ್ಕೆ ಎಸೆದಿದ್ದೇನೆ. ದೊರೆ ಏನನ್ನುತ್ತಾನೆ? ನೀನು ಎದ್ದು ನಿಂತೆ. ಶಾಲು ಹೆಗಲ ಮೇಲೆ ತಾನಾಗಿ ಹಾರಿತು. ನಿನ್ನ ಕಣ್ಣಲ್ಲಿ ಕೋಣೆ ಇರಲಿಲ್ಲ, ದೀಪಗಳಿದ್ದವು. "ಎರಡೂ ಬಾಗಿಲು ತೆಗೆಸಿ. ಹೊರೋ ಕೂಲಿನೂ ನನ್ನದೇ" ಎಂದೆ.

ಕೋಟಿನವರು ನಿನ್ನ ಶಾಲಿನ ತುದಿ ಹಿಡಿದು ಎಳೆದದ್ದನ್ನು ಕೋಣೆಯೆಲ್ಲ ನೋಡಿತು. ನ್ಯಾಯಾಧೀಶೆ ಪೆನ್ನು ಎತ್ತಿ, ಇದು ಕಕ್ಷಿದಾರರದೇ ಹೇಳಿಕೆಯೇ ಎಂದು ಕೇಳಿದರು. ಇಲ್ಲ, ಯೋಚಿಸಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ದೊರೆ ಆ ನಾಟಕದಲ್ಲಿ ಹಾಗೆ ಎಂದೂ ಅಂದವನಲ್ಲ. "ನನ್ನದೇ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡೆ. ಅವರು ಬರೆದುಕೊಂಡರು. ನಾವು ಕತ್ತರಿಸಿ ಉಳಿಸಿದ್ದರ ಖರ್ಚು ನನ್ನದು. ಅದರಾಚೆ ನೀನು ಕೇಳಿದ ಅಷ್ಟೂ ಗುಡ್ಡದ ಖರ್ಚು ನಿನ್ನದು. ಅದೇ ಅಳತೆಯಲ್ಲಿ ನಿನ್ನ ಬಾಗಿಲೂ ತೆರೆಯತಕ್ಕದ್ದು, ನಿನ್ನ ಕಡೆಯ ದಾಖಲೆಗಳೂ ನಮಗೆ ಬರತಕ್ಕದ್ದು.

ಆಮೇಲೆ ನಿನಗೇನಾಯಿತು ಎಂದು ನನಗೆ ಚೆನ್ನಾಗಿ ಗೊತ್ತು. ಬಿಲ್ಲುಗಳು ಬರತೊಡಗಿದವು. ನಮ್ಮ ಗೇಟಿನ ಕ್ಯಾಮೆರಾದಲ್ಲಿ ನಾಯಿ ಮಲಗಿದ್ದನ್ನು ಗಂಟೆಗಟ್ಟಲೆ ನೋಡಲು ನೀನು ಜನಕ್ಕೆ ಸಂಬಳ ಕೊಟ್ಟೆ. ಇಸ್ತ್ರಿಯವನು ಹೆಂಡತಿಗೆ ಕಳಿಸಿದ ಹೂವಿನ ಚಿತ್ರಗಳನ್ನೆಲ್ಲ ಓದಿಸಿದೆ. ಕೈ ಸುಟ್ಟಾಗ ನೀನೂ ಕತ್ತರಿ ಎತ್ತಿಕೊಂಡೆ. ಆದರೆ ಎಲ್ಲಿ ಹಾಕಿದೆ? ಸ್ವಗತ ಉಳಿಸಿಕೊಂಡು ಕಥೆಗೇ ಕತ್ತರಿ ಹಾಕುವವನ ಹಾಗೆ, ನಿನ್ನ ಕಡೆಯ ದಾಖಲೆಗಳನ್ನು ಓದುವ ಖರ್ಚನ್ನು ಉಳಿಸಿದೆ. "ಓದೋದೆಲ್ಲ ಬೇಡ, ಇದ್ದದ್ದು ಇದ್ದ ಹಾಗೆ ಕೊಟ್ಟು ಬಿಸಾಕಿ" ಎಂದೆಯಂತೆ. ಕೋಟಿನವರು ಬೇಡವೆಂದು ಬರೆದು ಕೊಟ್ಟರಂತೆ. ನೀನು ಕೇಳಲಿಲ್ಲ. ಕೇಳುವುದು ನಿನ್ನ ಪಾತ್ರದಲ್ಲಿ ಇರಲೇ ಇಲ್ಲ.

ಕೊಟ್ಟದ್ದರಲ್ಲಿ ನಿನ್ನ ವಕೀಲರಿಗೆ ನೀನು ಬರೆದ ಪತ್ರಗಳೂ ಇದ್ದವು. ಅವನ್ನು ಓದುವ ಹಕ್ಕು ನಮಗಿಲ್ಲ, ಗುಬ್ಬಿ ತೆರೆಯದೆ ವಾಪಸ್ ಕಳಿಸಿದಳು. ಉಳಿದದ್ದನ್ನು ನಮ್ಮ ಕತ್ತರಿಯಲ್ಲೇ ಇಳಿಸಿ, ಉಳಿದ ಪ್ರತಿಯೊಂದನ್ನೂ ಓದಿದೆವು. ಗಿರಾಕಿಗಳಿಗೆ ನೀನು ಕಳಿಸಿದ್ದು ಸಿಕ್ಕಿತು. "ಅಕ್ಕನಿಗೆ ಬುದ್ಧಿ ಸ್ಥಿಮಿತ ತಪ್ಪಿದೆ. ಕಿರೀಟ ಹಾಕ್ಕೊಂಡು ಒಬ್ಬಳೇ ಮಾತಾಡ್ತಾಳೆ. ಬೆಂಕಿ ದೀಪದ ಹತ್ತಿರ ಇರೋ ಕೆಲಸ, ನಿಮ್ಮ ಮಕ್ಕಳ ಸುರಕ್ಷತೆ ನೋಡ್ಕೊಳ್ಳಿ. ಅಮ್ಮನೂ ಒಪ್ಪಿ ಉಗ್ರಾಣ ಮುಚ್ಚಿಸ್ತಿದ್ದೀವಿ." ಶಾಲೆಗಳಿಗೆ ಒಂದು ದನಿ, ತಂಡಗಳಿಗೆ ಒಂದು ದನಿ, ಹಳೆಯ ನಟಿಗೆ ಕಣ್ಣೀರಿನ ದನಿ. ಸಂಭಾಷಣೆ ಬಿಗಿಯಾಗಿತ್ತು.

ಆರೋಗ್ಯ ನೋಡ್ಕೊಳ್ಳಿ ಎಂದು ಅವರೆಲ್ಲ ಯಾಕೆ ನನ್ನ ಕೈ ಹಿಡಿಯುತ್ತಿದ್ದರು ಎಂದು ಅವತ್ತು ತಿಳಿಯಿತು. ಕೈ ಹಿಡಿದವರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು. ಗಿರಾಕಿಗಳನ್ನು ಕದ್ದಿದ್ದರೆ ಕದ್ದುಕೋ ಎಂದು ಬಿಡುತ್ತಿದ್ದೆನೇನೋ. ನಾನು ಒಬ್ಬಳೇ ಮಾತಾಡುತ್ತಿದ್ದದ್ದು ನಿಜ. ಕಿರೀಟಗಳನ್ನು ಒರೆಸುವಾಗ ನಿನ್ನ ಸಂಭಾಷಣೆಗಳನ್ನು ಹೇಳಿಕೊಳ್ಳುತ್ತಿದ್ದೆ, ಯಾಕೆಂದರೆ ನಿನ್ನ ಧ್ವನಿ ಈ ಉಗ್ರಾಣದಲ್ಲಿ ಕೇಳದೆ ಬಹಳ ದಿನವಾಗಿತ್ತು. ಅದನ್ನು ನೀನು ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಹೋಗಿ ಮಾರಿದೆ.

ಇನ್ನೊಂದು ಸಿಕ್ಕಿತು. ಕಳಿಸದೆ ಉಳಿದ ಒಂದು ಇ-ಮೇಲ್. ನನ್ನ ವಿಳಾಸ. ಒಳಗೆ ಒಂದೇ ಪದ, "ಅಕ್ಕಾ". ಮುಂದೆ ಏನೂ ಇಲ್ಲ. ಇದನ್ನ ಯಾವ ರಾಶಿಗೆ ಹಾಕಲಿ ಎಂದು ಗುಬ್ಬಿ ನನ್ನ ಮುಖ ನೋಡಿದಳು. ಅಪ್ಪನ ಪ್ರಶ್ನೆ ಕೇಳಿಕೊಂಡೆ. ಇದನ್ನು ತೆಗೆದರೆ ಕೊನೆಯ ದೃಶ್ಯ ನಿಲ್ಲುತ್ತದೆಯೇ? ನಿಲ್ಲುತ್ತದೆ. ಸಂಬಂಧವಿಲ್ಲದ್ದು ಎಂಬ ರಾಶಿಗೆ ಹಾಕಿಸಿದೆ.

ಈಗ ನಿನ್ನ ರಾಜಿಪತ್ರಕ್ಕೆ ಉತ್ತರ. ನಿನ್ನ ಹಣ ಬೇಡ, ನಿನ್ನ ಹತ್ತಿರ ಎಷ್ಟು ಉಳಿದಿದೆ ಎಂದು ನನಗೆ ಗೊತ್ತು. ಕಾಡಿನ ಪರದೆ ವಾಪಸ್ ಬರಬೇಕು, ಒಗೆದು ಮಡಿಸಿ. ಮುಂದಿನ ಭಾನುವಾರ ಉಗ್ರಾಣದ ಹಿಂದಿನ ತಾಲೀಮು ಅಂಗಳದಲ್ಲಿ ಕುರ್ಚಿ ಹಾಕಿಸುತ್ತೇನೆ. ನೀನು ಯಾರ್ಯಾರಿಗೆ ಸುಳ್ಳು ಕಳಿಸಿದ್ದೆಯೋ ಅವರೆಲ್ಲರೂ ಬರುತ್ತಾರೆ. ಯಾರ್ಯಾರಿಗೆ ಎಂದು ನನಗೆ ಹೇಗೆ ಗೊತ್ತಾಗುತ್ತಿತ್ತು? ನೀನೇ ಬಾಗಿಲು ತೆರೆಸಿ, ನೀನೇ ಕೂಲಿ ಕೊಟ್ಟು ಹೊರಿಸಿ ಕಳಿಸಿದೆ. ಬಣ್ಣವಿಲ್ಲದೆ, ಶಾಲಿಲ್ಲದೆ ಬಂದು ನಿಲ್ಲು. "ನನ್ನ ಅಕ್ಕನ ಬಗ್ಗೆ ನಾನು ಹೇಳಿದ್ದು ಸುಳ್ಳು." ಅಷ್ಟೇ. ಮುಂದೆ ಕಾರಣ ಬೇಡ, ಕಣ್ಣೀರು ಬೇಡ, ಅಪ್ಪನ ನೆನಪು ಬೇಡ. ನಿನ್ನ ಪಾತ್ರವನ್ನು ಒಂದೇ ಸಾಲಿಗೆ ಇಳಿಸಿದ್ದೇನೆ. ಹೇಳಿ ಇಳಿದುಹೋಗು. ಮಾರನೆಯ ದಿನ ದಾವೆ ವಾಪಸ್.

ಬರದಿದ್ದರೆ ಸೋಮವಾರ ವಿಚಾರಣೆ ಇದ್ದೇ ಇದೆ. ನಿನ್ನ ಮೆಸೇಜುಗಳನ್ನು ಗುಬ್ಬಿ ಓದುವುದಿಲ್ಲ, ಸಾಕ್ಷಿಕಟ್ಟೆಯಲ್ಲಿ ನಿಂತು ನಾನೇ ಓದುತ್ತೇನೆ. ನನ್ನ ಗಂಟಲು ನಿನಗೆ ಗೊತ್ತು. ಮೈಕಿಲ್ಲದ ದಿನಗಳಲ್ಲಿ ಕೊನೆಯ ಸಾಲಿನ ಕಡಲೆ ಮಾರುವವನಿಗೂ ಕೇಳುತ್ತಿತ್ತು.

ಇತಿ, ಬುದ್ಧಿ ಸ್ಥಿಮಿತದಲ್ಲಿರುವ,
ನಿನ್ನ ಅಕ್ಕ

ತಾಜಾ ಕಲಮು: ಬೀಗದ ಕೈಯ ಮಾತು ಬಾಯಿಂದ ತಾನಾಗಿ ಹೊರಟಿತು ಎಂದು ಮೇಲೆ ಬರೆದೆ. ಅದೂ ನಾಟಕವೇ. ವಾರವಿಡೀ ತಾಲೀಮು ಮಾಡಿದ್ದೆ. ಮಾತು ಆರಿಸಿಕೊಟ್ಟದ್ದು ಅಪ್ಪನ ಕಂಪನಿಯ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ನಟನೊಬ್ಬ ಮಾತು ಎತ್ತಬೇಕಾದ ಗಳಿಗೆ ಬಂದರೆ ಮೊದಲು ಒಂದು ಸಲ ಕೆಮ್ಮುತ್ತಿದ್ದವಳು ಯಾರೆಂದು ನೆನಪಿಸಿಕೋ. ನಮ್ಮ ಹಳೆಯ ನಟಿ, ನಿನ್ನ ಕಣ್ಣೀರಿನ ಮೆಸೇಜು ನೋಡಿ, ಮಗಳಿಗೆ ಹೀಗಾಯಿತಂತಲ್ಲ ಎಂದು ಸಂತಾಪ ಹೇಳಲು ನಿನ್ನ ಮನೆಗೇ ಫೋನು ಮಾಡಿದ್ದಳಂತೆ. ಎತ್ತಿದ್ದು ಅಮ್ಮ. ಆಗ ನನಗೆ ಅದನ್ನು ಹೇಳಲಿಲ್ಲ, "ಅವನ ಬಾಗಿಲೂ ತೆಗೆಸು" ಎಂದಷ್ಟೇ ಹೇಳಿದ್ದಳು. ಅವಳನ್ನು ಕೇಳಲು ಹೋಗಬೇಡ, ನಿದ್ದೆ ಬಂದಿತ್ತು ಎನ್ನುತ್ತಾಳೆ. ಭಾನುವಾರ ಅವಳೂ ಬರುತ್ತಾಳೆ, ಪರದೆಯ ಮರೆಯಲ್ಲಿ ಕುರ್ಚಿ ಹಾಕಿಸುತ್ತೇನೆ. ನಿನ್ನ ಒಂದು ಸಾಲು ಮರೆತರೆ ಕೆಮ್ಮುತ್ತಾಳೆ.